ಬಿಳಿ ದಾರವಿಲ್ಲದ ಎಂಟು ಗಂಟು

2023ರಲ್ಲಿ ನನಗೆ ಇಪ್ಪತ್ತೆಂಟು ವರ್ಷ. ಹಾನಗಲ್ಲಿನಲ್ಲಿ ಕಚೇರಿ ಇದ್ದ ಒಂದು ಶಿಕ್ಷಣ ಸಂಸ್ಥೆಯಲ್ಲಿ ‘ಸರ್ಕಾರಿ ಸಂಪರ್ಕ ಮತ್ತು ಅನುದಾನ’ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕು ನನ್ನ ವ್ಯಾಪ್ತಿ. ಹುದ್ದೆಯ ಹೆಸರು ದೊಡ್ಡದಿತ್ತು, ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ.

ಸವಣೂರಿನಲ್ಲಿರುವ ನಮ್ಮವ್ವ ಒಮ್ಮೆ ಕೇಳಿದ್ದಳು, “ಅಲ್ಲವಾ, ನೀ ಮಾಡೂ ಕೆಲಸರೆ ಯಾವ್ದು?” ಸಂಸ್ಥೆ ಒಂದು ಊರಿನಲ್ಲಿ ಒಂದು ಒಳ್ಳೆಯ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ತೋರಿಸುತ್ತದೆ, ಅದು ಫಲ ಕೊಟ್ಟರೆ ಸರ್ಕಾರ ತನ್ನ ಯೋಜನೆಯಲ್ಲಿ ಸೇರಿಸಿಕೊಂಡು ಎಲ್ಲ ಕಡೆ ಮಾಡಲಿ ಎಂದು ಕೇಳುವುದು ನನ್ನ ಕೆಲಸ, ಎಂದು ವಿವರಿಸಿದೆ. ಅವ್ವ ಪೂರ್ತಿ ಕೇಳಿ, “ಅಂದ್ರ ಅರ್ಜಿ ಹಿಡಕೊಂಡು ಕಚೇರಿ ಕಟ್ಟಿ ಕಾಯೂದು ಅನ್ನು” ಎಂದಳು. ತಪ್ಪೇನಿಲ್ಲ. ನನ್ನ ಡೈರಿಯ ಪ್ರಕಾರ ಆ ವರ್ಷ ನಾನು ಹಾವೇರಿಯ ಕಚೇರಿಗಳಿಗೆ ಮೂವತ್ತೆಂಟು ಸಲ ಹೋಗಿದ್ದೇನೆ. ಅದರಲ್ಲಿ ಇಪ್ಪತ್ತೊಂದು ಸಲ ಭೇಟಿಯಾಗಬೇಕಾದವರು ಸಿಕ್ಕಿಲ್ಲ.

ಡೈರಿ ಬರೆಯುವುದು ಕಾಲೇಜಿನಿಂದ ಬಂದ ಚಟ. ತಾರೀಖು, ಬಸ್ಸು ಬಿಟ್ಟ ಹೊತ್ತು, ಸಭೆಗೆ ಬಂದವರೆಷ್ಟು, ಮಾತಾಡಿದವರೆಷ್ಟು, ಎಲ್ಲವನ್ನೂ ಗೆರೆ ಹಾಕಿ ಬರೆಯುತ್ತಿದ್ದೆ. ಲೆಕ್ಕ ಇಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಅದನ್ನು ಇಳಿಸಿದವರು ಕಲ್ಲವ್ವ.

ಕಲ್ಲವ್ವನ ಊರು ಮಾಸೂರಿನಿಂದ ನಾಲ್ಕು ಕಿಲೋಮೀಟರು. ಆ ಭಾಗದಲ್ಲಿ ಹತ್ತಿಯ ಹೈಬ್ರಿಡ್ ಬೀಜ ತಯಾರಿಸುವ ಹೊಲಗಳಿವೆ. ಅಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸಕ್ಕೆ ಎಲ್ಲರೂ ‘ಕ್ರಾಸಿಂಗ್’ ಎನ್ನುತ್ತಾರೆ. ಸಂಜೆ, ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ ಅದರ ಎಸಳನ್ನೂ ಗಂಡು ಕೇಸರವನ್ನೂ ಉಗುರಿನಿಂದ ಬಿಡಿಸಿ ಕೆಂಪು ಹಾಳೆ ಮುಚ್ಚಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ಸವರಿ, ಗುರುತಿಗೆ ಒಂದು ದಾರ ಕಟ್ಟಬೇಕು. ಬೆಳಗಿನ ಕೆಲಸ ಹನ್ನೊಂದರೊಳಗೆ ಮುಗಿಯಬೇಕು, ಆಮೇಲೆ ಹೂ ಬಾಡುತ್ತದೆ. ಸಂಜೆಯ ಕೆಲಸ ಮೂರರಿಂದ ಆರು. ಆಗಸ್ಟಿನಿಂದ ನವೆಂಬರ್‌ವರೆಗೆ ಒಂದು ದಿನವೂ ಬಿಡುವಿಲ್ಲ. ಹೂವಿಗೆ ಭಾನುವಾರವಿಲ್ಲ.

ತಾಯಂದಿರು ಬೆಳಿಗ್ಗೆ ಆರೂವರೆಗೆ ಹೊಲಕ್ಕೆ ಹೋದರೆ ಮನೆಯ ಕೂಸನ್ನು ನೋಡುವವರು ಯಾರು? ಆ ಊರಿನ ಸರ್ಕಾರಿ ಶಾಲೆಯಲ್ಲಿ ಕ್ರಾಸಿಂಗ್ ಹಂಗಾಮಿನಲ್ಲಿ ಹನ್ನೊಂದು ಹೆಣ್ಣುಮಕ್ಕಳು ಗೈರಾಗುತ್ತಿದ್ದರು. ನಾಲ್ಕನೇ ತರಗತಿಯಿಂದ ಏಳನೆಯವರೆಗಿನ ಹುಡುಗಿಯರು. ಒಬ್ಬೊಬ್ಬರ ಟೊಂಕದ ಮೇಲೂ ಒಂದೊಂದು ತಮ್ಮನೋ ತಂಗಿಯೋ.

ಜುಲೈನಲ್ಲಿ ಆ ಶಾಲೆಯಲ್ಲಿ ಪಾಲಕರ ಸಭೆ ಕರೆದೆವು. ನಮ್ಮ ಸಂಸ್ಥೆಯವರು ಶಿಕ್ಷಣದ ಮಹತ್ವ ಹೇಳಿದರು. ನಾನೂ ಹತ್ತು ನಿಮಿಷ ಹೇಳಿದೆ. ಹಿಂದಿನ ಸಾಲಿನಿಂದ ಐವತ್ತೈದರ ಆಸುಪಾಸಿನ ಒಬ್ಬರು ಎದ್ದು ನಿಂತರು. ಹದಿನಾರು ಹೆಂಗಸರ ಕ್ರಾಸಿಂಗ್ ಗುಂಪಿಗೆ ಅವರೇ ಮುಂದಾಳು, ಕಲ್ಲವ್ವ.

“ಶಾಲಿ ಬೇಕ್ರಿ ಮೇಡಮ್ಮಾರ, ಯಾರು ಬ್ಯಾಡ ಅಂತಾರ? ಕೂಸು ಎಲ್ಲಿ ಇಡೋಣು ಅಷ್ಟ ಹೇಳ್ರಿ. ನಿಮ್ಮ ಬ್ಯಾಗಿನ್ಯಾಗ ಹಿಡಿತಾವೇನು?”

ಸಭೆ ನಕ್ಕಿತು. ನಾನೂ ನಕ್ಕೆ. ಉತ್ತರವನ್ನೂ ಅವರೇ ಕೊಟ್ಟರು. ಶಾಲೆಯಲ್ಲಿ ಬಳಸದ ಒಂದು ಕೋಣೆ ಇತ್ತು. ಅದನ್ನು ಕೂಸುಗಳಿಗೆ ಬಿಟ್ಟುಕೊಟ್ಟು, ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದರೆ ಸಾಕು. ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಅಲ್ಲಿ ಇಳಿಸಿ ಪಕ್ಕದ ಕೋಣೆಗೆ ಪಾಠಕ್ಕೆ ಹೋಗುತ್ತಾರೆ. ಹೊತ್ತನ್ನೂ ಅವರೇ ನಿಗದಿ ಮಾಡಿದರು: ಬೆಳಿಗ್ಗೆ ಆರೂವರೆಯಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಆರು. ನಡುವೆ ತಾಯಂದಿರು ಹೊಲದಿಂದ ಬಂದು ಕೂಸುಗಳನ್ನು ಮನೆಗೆ ಕರೆದೊಯ್ದು ಉಣಿಸಿ ಮಲಗಿಸುತ್ತಾರೆ.

ಆಗಸ್ಟ್ ಒಂದರಂದು ಕೂಸಿನ ಕೋಣೆ ತೆರೆಯಿತು. ಹದಿನಾಲ್ಕು ಕೂಸು. ನೋಡಿಕೊಳ್ಳಲು ಫಕೀರವ್ವ ಎಂಬ ವಿಧವೆ ಒಪ್ಪಿದಳು. ಸಂಸ್ಥೆಯ ಬಳಿ ಇದ್ದ ಅನುದಾನ ದಸರಾ ರಜೆಯವರೆಗೆ ಮಾತ್ರ. ಹಂಗಾಮು ಇರುವುದು ನವೆಂಬರ್ ತನಕ. ದಸರೆಯೊಳಗೆ ಜಿಲ್ಲೆಯ ಪೂರಕ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ನಡುವೆ ಹೊಸ ಕೆಲಸಗಳನ್ನು ಸೇರಿಸುವ ಪಟ್ಟಿಯಲ್ಲಿ, ಇದು ಸೇರದಿದ್ದರೆ ಕೋಣೆಗೆ ಬೀಗ. ಆ ಹನ್ನೊಂದು ಹುಡುಗಿಯರು ಮತ್ತೆ ಮನೆಗೆ. ಅವರಲ್ಲಿ ಕಲ್ಲವ್ವನ ಮೊಮ್ಮಗಳು ಸಹನಾ ಒಬ್ಬಳು, ಏಳನೇ ತರಗತಿ. ಅವಳ ಅಪ್ಪ ಆಗಲೇ ಹೇಳಿಬಿಟ್ಟಿದ್ದ: ಈ ವರ್ಷವೂ ಶಾಲೆ ಅರ್ಧಂಬರ್ಧ ಆದರೆ ಮಾಸೂರಿನ ಹೈಸ್ಕೂಲಿಗೆ ಕಳಿಸುವ ಮಾತೇ ಇಲ್ಲ.

ನಾನು ಪ್ರಸ್ತಾವನೆ ಬರೆದೆ. ನಾಲ್ಕು ತಾಲೂಕಿಗೆ ಹದಿನಾರು ಕೇಂದ್ರ ಕೇಳಿದ್ದೆ. ಇಪ್ಪತ್ತೆರಡು ಪುಟ, ಬಣ್ಣದ ನಕ್ಷೆ, ಕಳೆದ ವರ್ಷದ ಆಗಸ್ಟಿಗೂ ಈ ವರ್ಷದ ಆಗಸ್ಟಿಗೂ ಹಾಜರಿಯ ಸರಾಸರಿ ಹೋಲಿಕೆ. ಕೇಂದ್ರದ ವೇಳೆ ಎಂಬ ಕಾಲಮ್ಮಿನಲ್ಲಿ ‘ಬೆಳಿಗ್ಗೆ 10ರಿಂದ ಸಂಜೆ 4’ ಎಂದು ತುಂಬಿದೆ. ಉಳಿದ ಎಲ್ಲ ಯೋಜನೆಗಳ ಕೇಂದ್ರಗಳಿಗೂ ಹಾಗೇ ಇರುತ್ತದೆ, ಬೇರೆ ಬರೆದರೆ ಯಾರಾದರೂ ಆಕ್ಷೇಪಣೆ ಎತ್ತಿ ಕಡತ ಹಿಂದಕ್ಕೆ ಕಳಿಸಿಯಾರು ಎಂಬ ಅಂಜಿಕೆ. ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಮೊದಲ ತಿಂಗಳಲ್ಲೇ ಕೋಣೆ ಕೆಲವು ದಿನ ಮುಚ್ಚಿತ್ತು. ಅದನ್ನು ಪ್ರಸ್ತಾವನೆಯಲ್ಲಿ ಎಲ್ಲೂ ಹೇಳಲಿಲ್ಲ. ಸುಳ್ಳು ಬರೆದಿರಲಿಲ್ಲ, ಬರೆಯದೆ ಬಿಟ್ಟಿದ್ದೆ ಅಷ್ಟೆ.

ಜಿಲ್ಲೆಯಲ್ಲಿ ಈ ಪಟ್ಟಿ ನೋಡುತ್ತಿದ್ದ ಅಧಿಕಾರಿ ತುಮಕೂರು ಕಡೆಯವರು. ಮಾತು ಕಡಿಮೆ, ಓದುವುದು ಹೆಚ್ಚು. ನನ್ನ ಇಪ್ಪತ್ತೆರಡು ಪುಟವನ್ನೂ ಓದಿದ್ದರು, ಅಷ್ಟು ಓದಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸೆಪ್ಟೆಂಬರ್ ಕೊನೆಯ ಬುಧವಾರ ಹಿರೇಕೆರೂರಿನಲ್ಲಿ ಅವರಿಗೆ ಸಭೆ ಇತ್ತು. ಮುಗಿಸಿಕೊಂಡು ನಮ್ಮ ಕೇಂದ್ರ ನೋಡಿ ಹೋಗಿ ಎಂದು ನಾನೇ ಬೆನ್ನು ಹತ್ತಿ ಒಪ್ಪಿಸಿದೆ.

ಜೀಪು ಶಾಲೆಯ ಮುಂದೆ ನಿಂತಾಗ ಹನ್ನೆರಡು ಗಂಟೆ ನಲವತ್ತು ನಿಮಿಷ.

ಕೋಣೆಯಲ್ಲಿ ಒಂದು ಚಾಪೆ, ಒಂದು ನೀರಿನ ಕೊಡ, ಮೂರು ಗಿಲಕಿ. ಕೂಸು ಒಂದೂ ಇಲ್ಲ. ಫಕೀರವ್ವನೂ ಊಟಕ್ಕೆ ಹೋಗಿದ್ದಳು. ಸಾಹೇಬರು ಬಾಗಿಲಲ್ಲೇ ನಿಂತು ನನ್ನ ಪ್ರಸ್ತಾವನೆಯ ಆರನೇ ಪುಟ ತೆರೆದರು. ‘ಬೆಳಿಗ್ಗೆ 10ರಿಂದ ಸಂಜೆ 4.’ ಅದರ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

ನಾನು ಕ್ರಾಸಿಂಗ್ ಹೊತ್ತನ್ನು ವಿವರಿಸಲು ಹೋದೆ. ನಾಳೆ ಬೆಳಿಗ್ಗೆ ಏಳಕ್ಕೆ ಬಂದರೆ ಹದಿನಾಲ್ಕೂ ಕೂಸು ತೋರಿಸುತ್ತೇನೆ ಎಂದೆ.

“ನಾಳೆ ಬಂದ್ರೆ ಊರಿನ ಕೂಸನ್ನೆಲ್ಲ ತಂದು ಕೂರಿಸ್ತೀರಮ್ಮ. ಅದನ್ನ ನೋಡಿ ನಾನೇನು ಮಾಡ್ಲಿ?” ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. “ಹಾಜರಿ ಹೆಚ್ಚಾಗಿದೆ, ಒಪ್ತೀನಿ. ಹೊಸ ಮೇಷ್ಟ್ರು ಬಂದಿರಬಹುದು, ಊಟಕ್ಕೆ ಮೊಟ್ಟೆ ಕೊಡ್ತಿರಬಹುದು. ಈ ಕೋಣೆಯಿಂದಲೇ ಆಯ್ತು ಅಂತ ಹೇಗೆ ನಂಬೋದು? ನನಗೆ ಸರಾಸರಿ ಬೇಡ. ದಿನ ದಿನದ್ದು ತೋರಿಸಿ. ಮುಂದಿನ ಮಂಗಳವಾರ ಪಟ್ಟಿ ಮುಗಿಸ್ತೀನಿ.”

ಜೀಪು ಹೋಯಿತು. ನಾನು ಆ ಚಾಪೆಯ ಮೇಲೆ ಕುಳಿತೆ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ: ‘12.40. ಶೂನ್ಯ.’

ಅಷ್ಟರಲ್ಲಿ ಕಲ್ಲವ್ವ ಬಂದರು. ಬೆಳಗಿನ ಹತ್ತಿ ಹೂವಿನ ಪುಡಿ ಇನ್ನೂ ಕೈಯಲ್ಲೇ ಇತ್ತು. ಸುದ್ದಿ ಆಗಲೇ ಮುಟ್ಟಿತ್ತು.

“ಹನ್ನೆರಡೂವರಿಗೆ ಕರಕೊಂಡು ಬಂದೀಯಂತಲ್ಲ ತಂಗಿ? ಎಲ್ಲಾ ಗೊತ್ತಿದ್ದಾಕಿ ನೀನು!” ‘ಮೇಡಮ್ಮಾರು’ ಹೋಗಿ ತಂಗಿ ಆಗಿದ್ದೆ. ಬೈಗುಳದಲ್ಲೂ ಅದೊಂದು ಸಮಾಧಾನ.

ಸಾಹೇಬರು ದಿನ ದಿನದ ಲೆಕ್ಕ ಕೇಳಿದ್ದನ್ನು ಹೇಳಿದೆ. ಫಕೀರವ್ವನ ರಿಜಿಸ್ಟರಿನಲ್ಲಿ ಕೋಣೆ ತೆರೆದ ದಿನಗಳಷ್ಟೇ ಇವೆ, ಅದೂ ಬರೀ ಕೂಸುಗಳ ಹೆಸರು. ಅದರಿಂದ ಏನನ್ನೂ ಸಾಬೀತು ಮಾಡಲಾಗುವುದಿಲ್ಲ ಎಂದೂ ಹೇಳಿದೆ. ಕಲ್ಲವ್ವ ಕಿಟಕಿಯ ಹತ್ತಿರ ಹೋಗಿ ಸರಳಿಗೆ ಕಟ್ಟಿದ್ದ ಹಗ್ಗವೊಂದನ್ನು ಬಿಚ್ಚಿ ನನ್ನ ಮುಂದೆ ಹಾಕಿದರು. ನಾನು ಅದನ್ನು ಎರಡು ತಿಂಗಳಿಂದ ನೋಡುತ್ತಿದ್ದೆ. ತೊಟ್ಟಿಲು ಕಟ್ಟಿ ಉಳಿದ ಹಗ್ಗ ಎಂದುಕೊಂಡಿದ್ದೆ.

ಹಗ್ಗದ ತುಂಬ ಗಂಟು. ಗಂಟುಗಳಲ್ಲಿ ದಾರದ ತುಣುಕು.

“ದಿನಕ್ಕೊಂದು ಗಂಟು. ಖೋಲಿ ತೆರದ್ರ ಒಂದು ಬಿಳೇ ದಾರ. ನಮ್ಮ ಹನ್ನೊಂದು ಹುಡುಗ್ಯಾರಾಗ ಎಷ್ಟು ಮಂದಿ ಶಾಲಿಗೆ ಬಂದಾರೋ ಅಷ್ಟು ಕೆಂಪು ದಾರ. ಹೊಲದಿಂದ ಬರೂವಾಗ ಶಾಲಿ ಕಿಟಕ್ಯಾಗ ಇಣುಕಿ ಎಣಿಸ್ಕೊಂಡು ಹೋಗ್ತೇನಿ.”

“ಖೋಲಿ ತೆರೀಲಾರದ ದಿನ?”

“ಆವತ್ತೂ ಗಂಟು ಹಾಕ್ತೇನಿ. ಬಿಳೇದು ಇರೂದಿಲ್ಲ ಅಷ್ಟ.”

“ಮುಚ್ಚಿದ್ದನ್ನ ಯಾಕ ಲೆಕ್ಕ ಇಡೂದು ಕಲ್ಲವ್ವಾ?”

ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. “ಹೊಲದಾಗ ಹಂಗ ಮಾಡೂದು. ಕ್ರಾಸ್ ಆಗದ ದಿನಾನೂ ಗುರ್ತ ಇಡ್ತೇವಿ. ಇಲ್ಲಂದ್ರ ಕಡೀಕ ಕಾಯಿ ಕಡಿಮಿ ಬಂದಾಗ ಯಾಕ ಕಡಿಮಿ ಬಂತು ಅಂತ ಹೆಂಗ ಗೊತ್ತಾಗಬೇಕು?”

ನಾನು ಹಗ್ಗದಲ್ಲಿ ಬಿಳಿ ದಾರವಿಲ್ಲದ ಗಂಟುಗಳನ್ನು ಹುಡುಕತೊಡಗಿದೆ. ಮುಚ್ಚಿದ ದಿನಗಳನ್ನು ನಾನು ಅವಮಾನವೆಂದು ಬಚ್ಚಿಟ್ಟಿದ್ದೆ. ಸಾಹೇಬರು ಕೇಳಿದ ಪ್ರಶ್ನೆಗೆ ಉತ್ತರ ಇದ್ದದ್ದು ಅವುಗಳಲ್ಲೇ. ಮೇಷ್ಟ್ರು ಅವರೇ, ಮೊಟ್ಟೆ ಅದೇ, ಊರು ಅದೇ. ಕೋಣೆಗೆ ಬೀಗ ಬಿದ್ದ ದಿನ ಮಾತ್ರ ಹುಡುಗಿಯರು ಬರಲಿಲ್ಲ ಎಂದು ತೋರಿಸಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಗಂಟಿಗೆ ತಾರೀಖು ಇರುವುದಿಲ್ಲವಲ್ಲ. ಭಾನುವಾರ ಮಧ್ಯಾಹ್ನ, ಅಕ್ಟೋಬರ್ ಒಂದರಂದು, ಹೆಡ್ ಮಾಸ್ತರರು ಮಾಸೂರಿನಿಂದ ಬೈಕಿನಲ್ಲಿ ಬಂದು ಶಾಲೆಯ ಹಾಜರಿ ಪುಸ್ತಕ ತೆಗೆದುಕೊಟ್ಟರು. ಕಲ್ಲವ್ವ ಆ ದಿನದ ಗಂಟನ್ನೂ ಹಾಕಿದರು. ಒಟ್ಟು ಅರವತ್ತೆರಡು. ನಾನು ಮೊದಲಿನಿಂದ ಎಣಿಸುತ್ತ ಹೋದೆ. ಆರನೇ ಗಂಟಿನಲ್ಲಿ ಬಿಳಿ ದಾರ ಇದೆ, ಕೆಂಪು ಒಂದೂ ಇಲ್ಲ. ಮತ್ತೆ ಹದಿಮೂರನೆಯದು ಹಾಗೇ. ಇಪ್ಪತ್ತನೆಯದು. ಕ್ಯಾಲೆಂಡರ್ ನೋಡಿದೆ: ಆಗಸ್ಟ್ ಆರು, ಹದಿಮೂರು, ಇಪ್ಪತ್ತು, ಮೂರೂ ಭಾನುವಾರ. ಹೊಲ ಇದೆ, ಕೂಸಿನ ಕೋಣೆ ಇದೆ, ಶಾಲೆ ಇಲ್ಲ. ಅರವತ್ತೆರಡು ಗಂಟಿನಲ್ಲಿ ಒಂಬತ್ತು ಭಾನುವಾರವೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಒಂದು ಗಂಟೂ ಜಾರಿರಲಿಲ್ಲ. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, “ನನ್ನ ಹಾಜರಿ ಪುಸ್ತಕದಾಗರೆ ಎರಡು ಕಡೆ ವೈಟ್ನರ್ ಹಚ್ಚೇನಿ” ಎಂದರು.

ಭಾನುವಾರ ಒಂಬತ್ತು, ಬೇರೆ ರಜೆ ನಾಲ್ಕು ಕಳೆದರೆ ಶಾಲೆ ನಡೆದದ್ದು ನಲವತ್ತೊಂಬತ್ತು ದಿನ. ಅದರಲ್ಲಿ ಬಿಳಿ ದಾರವಿಲ್ಲದ ಗಂಟು ಎಂಟು. ಐದು ದಿನ ಫಕೀರವ್ವನಿಗೆ ಜ್ವರ. ಎರಡು ದಿನ ಕೋಣೆ ಸೋರುತ್ತಿತ್ತು. ಒಂದು ದಿನ ಕೀಲಿಕೈ ಫಕೀರವ್ವನ ಸೆರಗಿನಲ್ಲೇ ತವರೂರಿಗೆ ಹೋಗಿತ್ತು. ಆ ಎಂಟು ದಿನ ಶಾಲೆಗೆ ಬಂದ ಹುಡುಗಿಯರು ಎರಡು, ಮೂರು, ಹೆಚ್ಚೆಂದರೆ ನಾಲ್ಕು. ಕೋಣೆ ತೆರೆದಿದ್ದ ನಲವತ್ತೊಂದು ದಿನಗಳಲ್ಲಿ ನಲವತ್ತು ದಿನ ಒಂಬತ್ತಕ್ಕಿಂತ ಕಡಿಮೆ ಇಲ್ಲ. ಶಾಲೆಯ ಹಾಜರಿ ಪುಸ್ತಕವೂ ಹೆಸರು ಸಮೇತ ಅದನ್ನೇ ಹೇಳಿತು.

ಉಳಿದ ಒಂದು ದಿನ ಕೋಣೆ ತೆರೆದಿದ್ದರೂ ಐದೇ ಜನ ಬಂದಿದ್ದರು. ಅದನ್ನು ಹೇಗೆ ಬರೆಯುವುದೆಂದು ನಾನು ಪೆನ್ನು ಕಚ್ಚುತ್ತ ಕುಳಿತಾಗ ಕಲ್ಲವ್ವ ಹಗ್ಗದ ಆಚೆ ತುದಿಯಿಂದಲೇ ಹೇಳಿದರು, “ಆವತ್ತ ಮ್ಯಾಲಿನ ಓಣ್ಯಾಗ ಬಸುರಿ ಹೆಣ್ಣಮಗಳ ಕುಬಸ ಇತ್ತು, ಊರೆಲ್ಲಾ ಊಟಕ್ಕ ಹೋಗಿತ್ತು. ಹಂಗ ಬರಿ. ಬಿಡಬ್ಯಾಡ ಮತ್ತ.”

ಬರೆದೆ. ಎರಡೇ ಪುಟವಾಯಿತು.

ಮಂಗಳವಾರ ಹನ್ನೊಂದಕ್ಕೆ ಹಾವೇರಿಯಲ್ಲಿ ಭೇಟಿ. ಕಲ್ಲವ್ವ ಬರಬೇಕೆಂದರೆ ಬೆಳಗಿನ ಕ್ರಾಸಿಂಗ್ ತಪ್ಪುತ್ತದೆ. ಹಿಂದಿನ ಸಂಜೆ ಅವರೇ ಸಿದ್ಧಮಾಡಿಟ್ಟ ಮೊಗ್ಗುಗಳು ಅವರ ಸಾಲಿನಲ್ಲಿ ಬೆಳಿಗ್ಗೆ ಕಾಯುತ್ತಿರುತ್ತವೆ. ಸೊಸೆ ತನ್ನ ಸಾಲನ್ನು ಮುಗಿಸಿ ಅದನ್ನೂ ಮಾಡುವುದು ಕಷ್ಟ. ಹಗ್ಗ ಕೊಡಿ, ನಾನೇ ತೋರಿಸುತ್ತೇನೆ ಎಂದೆ. “ನೀ ಹೇಳಿದ್ರ ಅವ್ರು ಕಾಗದ ಕೇಳ್ತಾರ. ನಾ ಹೇಳಿದ್ರ ಹಗ್ಗ ನೋಡ್ತಾರ” ಎಂದು ಇಸ್ತ್ರಿ ಸೀರೆ ಉಟ್ಟು ಬಸ್ಸು ಹತ್ತಿದರು. ಹಗ್ಗ ಒಂದು ಕೈಚೀಲದಲ್ಲಿ, ಸುರುಳಿ ಸುತ್ತಿ.

ಸಾಹೇಬರು ಎರಡು ಪುಟ ಓದಿದರು. ನಾನು ಮೊದಲೇ ಹೇಳಿಬಿಟ್ಟೆ: ವೇಳೆಯ ಕಾಲಮ್ಮನ್ನು ತಪ್ಪಾಗಿ ತುಂಬಿದ್ದು ನಾನು, ಮುಚ್ಚಿದ ದಿನಗಳನ್ನು ಬಿಟ್ಟದ್ದೂ ನಾನು. ಅವರು ತಲೆ ಎತ್ತಲಿಲ್ಲ. ಹಗ್ಗವನ್ನು ಮೇಜಿನ ಮೇಲೆ ಹರವಿ, ಮನಸ್ಸಿಗೆ ಬಂದ ಕಡೆ ಒಂದು ಗಂಟು ಹಿಡಿದು ತುದಿಯಿಂದ ಎಣಿಸಿದರು. ಇಪ್ಪತ್ತಮೂರು. ಕೆಂಪು ದಾರ ಹತ್ತು. ಹಾಜರಿ ಪುಸ್ತಕದ ನಕಲಿನಲ್ಲಿ ಆಗಸ್ಟ್ ಇಪ್ಪತ್ತಮೂರು ಹುಡುಕಿದರು. ಹತ್ತು. ಇನ್ನೊಂದು ಗಂಟು ಹಿಡಿದರು. ಹೀಗೆ ಏಳು ಸಲ. ಏಳನೆಯದನ್ನು ಸ್ವಲ್ಪ ಜೋರಾಗಿ ಎಳೆದಾಗ ಕಲ್ಲವ್ವ ಕುರ್ಚಿಯಿಂದ ಅರ್ಧ ಎದ್ದರು.

“ಸಾವಕಾಶ ಸಾಹೇಬ್ರ. ಬಿಚ್ಚಿದ್ರ ಆ ದಿನ ಹೋತು.”

ಸಾಹೇಬರು ಕೈ ಸಡಿಲಿಸಿದರು. “ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡೋರು ಬರವಣಿಗೆಯಲ್ಲೇ ಇಡಬಹುದಿತ್ತಲ್ಲಮ್ಮ?”

“ಮೂರನೇತ್ತಾ ಇದ್ದಾಗ ನನ್ನ ತಮ್ಮನ್ನ ಟೊಂಕಕ್ಕ ಹೊರಿಸಿದ್ರುರಿ. ಅವ ಕೆಳಗ ಇಳಿಯೂದ್ರಾಗ ನನ್ನ ಶಾಲಿ ಮುಗದಿತ್ತು.” ಆಮೇಲೆ ಒಂದು ಮಾತು ಸೇರಿಸಿದರು. “ಈಗ ನನ್ನ ಮೊಮ್ಮಗಳ ಟೊಂಕದ ಮ್ಯಾಲೆ ಒಬ್ಬ ಅದಾನ್ರಿ. ಹತ್ತು ತಿಂಗಳಿನವ.”

ಸಾಹೇಬರು ಪ್ರಸ್ತಾವನೆಯ ಆರನೇ ಪುಟ ತೆಗೆದು ‘10ರಿಂದ 4’ ಎಂಬುದನ್ನು ಪೆನ್ನಿನಿಂದ ಹೊಡೆದು, ಮೇಲೆ ತಾವೇ ಬರೆದರು: ‘ಸ್ಥಳೀಯ ಕೆಲಸದ ವೇಳೆಗೆ ತಕ್ಕಂತೆ.’ ಹದಿನಾರು ಕೇಂದ್ರ ಈ ವರ್ಷ ಆಗುವುದಿಲ್ಲ, ತಾಲೂಕಿಗೆ ಒಂದರಂತೆ ನಾಲ್ಕು ಕೊಡುತ್ತೇನೆ, ಹಂಗಾಮು ಮುಗಿಯುವವರೆಗೆ ನಡೆಯಲಿ, ಮುಂದಿನ ವರ್ಷದ್ದನ್ನು ಈ ನಾಲ್ಕರ ಲೆಕ್ಕ ನೋಡಿ ತೀರ್ಮಾನಿಸೋಣ ಎಂದರು. ಹಗ್ಗವನ್ನು ಕಡತದ ಜೊತೆ ಇಟ್ಟುಕೊಳ್ಳಬಹುದೇ ಎಂದೂ ಕೇಳಿದರು.

ಕಲ್ಲವ್ವ ಆಗಲೇ ಅದನ್ನು ಸುತ್ತುತ್ತಿದ್ದರು. “ಹಗ್ಗ ಕೊಡಾಕ ಬರೂದಿಲ್ರಿ ಸಾಹೇಬ್ರ. ಇವತ್ತಿಂದು ಇನ್ನೂ ಗಂಟು ಹಾಕೂದೈತಿ.”

ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಗ್ಗದ ಫೋಟೊ ತೆಗೆಸಿ ಕಡತಕ್ಕೆ ಹಾಕಿದರು.

ಆಮೇಲಿನ ಓಡಾಟದಲ್ಲಿ ಮಂಜೂರಾತಿಗಳು ಇನ್ನೂ ಕೆಲವು ಬಂದಿವೆ, ತಿರಸ್ಕಾರಗಳು ಅದಕ್ಕಿಂತ ಹೆಚ್ಚು. ಸರ್ಕಾರದ ಮುಂದೆ ಹೋಗುವ ನಾವು ನಮ್ಮ ಕೆಲಸವನ್ನು ಕಲೆಯಿಲ್ಲದ ಬಟ್ಟೆಯಂತೆ ಇಸ್ತ್ರಿ ಮಾಡಿ ಒಯ್ಯುತ್ತೇವೆ. ಕಲೆ ಕಂಡರೆ ಬೇಡವೆನ್ನುತ್ತಾರೆಂಬ ಭಯ. ಈಗ ನನ್ನ ಪ್ರತಿ ಪ್ರಸ್ತಾವನೆಯ ಮೊದಲ ಪುಟದಲ್ಲೇ ‘ಕೆಲಸ ನಡೆಯದ ದಿನಗಳು ಮತ್ತು ಕಾರಣ’ ಎಂಬ ಪಟ್ಟಿ ಇರುತ್ತದೆ. ಶಿಗ್ಗಾಂವಿ ತಾಲೂಕಿನ ಕೇಂದ್ರದವಳು ಮೊದಲ ಸಲ ಅದನ್ನು ತುಂಬುವಾಗ ಅಳುವ ಹಾಗಾಗಿದ್ದಳು, ಹದಿನೇಳು ದಿನ ಮುಚ್ಚಿತ್ತು. ಅವಳಿಗೆ ನಾನು ಕಲ್ಲವ್ವನ ಹೊಲದ ಮಾತನ್ನು ಹೇಳಿದೆ. ಸಹನಾ ಮರುವರ್ಷದ ಜೂನ್‌ನಲ್ಲಿ ಮಾಸೂರಿನ ಹೈಸ್ಕೂಲು ಸೇರಿದಳು.

ಆ ಮಂಗಳವಾರ ಹಾವೇರಿಯಿಂದ ಮರಳುವ ಬಸ್ಸಿನಲ್ಲಿ ನಾನು ಡೈರಿ ತೆಗೆದು ಬರೆದೆ: ‘ನಾಲ್ಕು ಕೇಂದ್ರ ಮಂಜೂರು.’ ಕೆಳಗೆ ಎರಡು ಗೆರೆ ಎಳೆದೆ. ಪಕ್ಕದಲ್ಲಿ ಕುಳಿತಿದ್ದ ಕಲ್ಲವ್ವ ಇಣುಕಿ, “ಏನ ಬರದಿ?” ಎಂದರು. ಓದಿ ಹೇಳಿದೆ.

“ಅಷ್ಟನ?”

“ಮತ್ತೇನು ಬರೀಲಿ?”

“ನಂದು ಇವತ್ತ ಮುಂಜಾನಿ ಕ್ರಾಸಿಂಗ್ ತಪ್ಪಿತಲ್ಲ, ಅದನ್ನೂ ಬರಿ.”

ಎರಡು ಗೆರೆಯ ಕೆಳಗೆ ಬರೆದೆ. ‘ಅಕ್ಟೋಬರ್ 3. ಕಲ್ಲವ್ವನ ಸಾಲು. ಒಂದು ಬೆಳಗು, ಆಗಲಿಲ್ಲ.’